ನಿಮಿತ್ತ: ಚಿಕ್ಕಬೆಟ್ಟದಿಂದ ನುಗ್ಗೇಹಳ್ಳಿಯವರೆಗೆ ಒಂದು ಪದದ ಜಾಡು

"ಕಾರ್ಯನಿಮಿತ್ತ ಊರಿಗೆ ಹೋಗಬೇಕಾಗಿರುವುದರಿಂದ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ." ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಈ ವಾಕ್ಯ ಬಾಯಿಪಾಠ. ಹಬ್ಬದ ನಿಮಿತ್ತ ಅಂಗಡಿ ಮುಚ್ಚಿರುತ್ತೆ, ಜಾತ್ರೆಯ ನಿಮಿತ್ತ ಹೆಚ್ಚುವರಿ ಬಸ್ ಬಿಡ್ತಾರೆ, ಮದುವೆ ನಿಮಿತ್ತ ನೆಂಟರು ಸೇರ್ತಾರೆ. ಇಲ್ಲೆಲ್ಲ ನಿಮಿತ್ತ ಅಂದರೆ ಕಾರಣ, ಸಂದರ್ಭ ಅಷ್ಟೇ. ಈ ಪದದಲ್ಲಿ ಭಯದ ಸುಳಿವೇ ಇಲ್ಲ.

ಆದರೆ ಇದೇ ಪದ ಸುಮಾರು 1400 ವರ್ಷಗಳ ಹಿಂದೆ ಹಾಸನ ಜಿಲ್ಲೆಯ ಒಂದು ಬಂಡೆಯ ಮೇಲೆ ಬೇರೆಯೇ ಅರ್ಥದಲ್ಲಿ ಕೂತಿದೆ. ಅಲ್ಲಿ ನಿಮಿತ್ತ ಅಂದರೆ ಮುಂದೆ ಬರಲಿರುವ ಕೇಡನ್ನು ಮೊದಲೇ ತಿಳಿಸುವ ಕುರುಹು. ಈ ಒಂದು ಪದವನ್ನು ಸರಿಯಾಗಿ ಓದದೇ ಹೋದರೆ ಕರ್ನಾಟಕದ ಜೈನ ಇತಿಹಾಸದ ಅತ್ಯಂತ ಪ್ರಸಿದ್ಧ ಶಾಸನಗಳಲ್ಲೊಂದನ್ನೇ ತಪ್ಪಾಗಿ ಓದಿದಂತಾಗುತ್ತದೆ. ಅದಕ್ಕೇ ಈ ಬರಹ.

ಬಂಡೆ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ. ಅದೇ ತಾಲ್ಲೂಕಿನ ಇನ್ನೊಂದು ಊರು ನುಗ್ಗೇಹಳ್ಳಿ. ಹೊಯ್ಸಳ ದೇಗುಲ ನೋಡೋಕೆ ಹೋಗುವವರು ಸಾಮಾನ್ಯವಾಗಿ ಒಂದೇ ದಿನದಲ್ಲಿ ಎರಡನ್ನೂ ಮುಗಿಸಿಕೊಂಡು ಬರ್ತಾರೆ. ಈ ಎರಡು ಊರುಗಳ ನಡುವೆ, ಆರು ಶತಮಾನಗಳ ಅಂತರದಲ್ಲಿ, ಅಪಶಕುನದ ಜೊತೆ ನಮ್ಮ ಜನ ಹೇಗೆ ವ್ಯವಹರಿಸಿದರು ಅನ್ನೋದನ್ನು ಕಲ್ಲುಗಳಲ್ಲೇ ನೋಡಬಹುದು.

ಕಲ್ಲು ಏನು ಹೇಳುತ್ತದೆ

ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ದಕ್ಷಿಣಕ್ಕೆ ಬಂಡೆಯ ಮೇಲೆ ಕೊರೆದಿರುವ ಶಾಸನ ಇದು. ಎಪಿಗ್ರಾಫಿಯಾ ಕರ್ನಾಟಿಕದ ಎರಡನೇ ಸಂಪುಟದಲ್ಲಿ ಇದಕ್ಕೆ ಮೊದಲ ಸಂಖ್ಯೆ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡ. ಕಲ್ಲಿನಲ್ಲಿ ತೇದಿ ಇಲ್ಲ. ಅಕ್ಷರದ ವಾಟ ನೋಡಿ ಸುಮಾರು ಕ್ರಿ.ಶ. 600 ಎಂದು ಆರ್. ನರಸಿಂಹಾಚಾರ್ಯರು ನಿರ್ಧರಿಸಿದರು. ಶ್ರವಣಬೆಳಗೊಳದ ಶಾಸನಗಳನ್ನು ಮೊದಲು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಇದ್ದದ್ದು 144. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ 500 ಆದವು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಸಂಪುಟದಲ್ಲಿ 573. ಇಷ್ಟರ ಮಧ್ಯೆಯೂ ಅತಿ ಹೆಚ್ಚು ಚರ್ಚೆಯಾದದ್ದು ಈ ಮೊದಲನೆಯದೇ.

ಶಾಸನದ ಸಾರ ಹೀಗಿದೆ. ಮಹಾವೀರನ ನಂತರದ ಗುರುಪರಂಪರೆ ಮೊದಲು ಬರುತ್ತದೆ: ಗೌತಮ, ಲೋಹಾರ್ಯ, ಜಂಬು, ಹೀಗೆ ಒಬ್ಬರಾದ ಮೇಲೆ ಒಬ್ಬರು. ಆ ಪಟ್ಟಿಯಲ್ಲಿ ಭದ್ರಬಾಹುವಿನ ಹೆಸರೂ ಇದೆ, ಅವನ ನಂತರದ ಗುರುಗಳ ಹೆಸರೂ ಇವೆ. ಪಟ್ಟಿ ಮುಗಿದ ಮೇಲೆ, ಆ ಪರಂಪರೆಯಲ್ಲಿ ಬಂದ ಭದ್ರಬಾಹುಸ್ವಾಮಿ ಎಂಬುವರು ಉಜ್ಜಯಿನಿಯಲ್ಲಿ ನಿಮಿತ್ತದಿಂದ ಹನ್ನೆರಡು ವರ್ಷಗಳ 'ಕಾಲವೈಷಮ್ಯ'ವನ್ನು ಕಂಡು ಹೇಳಿದರು. ಆಗ ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು. ನೂರಾರು ಹಳ್ಳಿಗಳ, ಸಂತುಷ್ಟ ಜನರ, ಧನ, ಕನಕ, ಧಾನ್ಯ, ಹಸು, ಎಮ್ಮೆ, ಆಡು, ಕುರಿಗಳಿಂದ ತುಂಬಿದ ನಾಡಿಗೆ ಬಂದು ಸೇರಿತು. ಅಲ್ಲಿ ಕಟವಪ್ರವೆಂಬ ಬೆಟ್ಟದಲ್ಲಿ (ಕನ್ನಡ ಶಾಸನಗಳ ಕಳ್ಬಪ್ಪು, ಇಂದಿನ ಚಿಕ್ಕಬೆಟ್ಟ) ಪ್ರಭಾಚಂದ್ರ ಎಂಬ ಆಚಾರ್ಯರು ತಮ್ಮ ಆಯುಷ್ಯ ಇನ್ನು ಸ್ವಲ್ಪವೇ ಉಳಿದಿದೆ ಎಂದು ಅರಿತರು. ಸಂಘವನ್ನು ಮುಂದಕ್ಕೆ ಕಳಿಸಿ, ಒಬ್ಬ ಶಿಷ್ಯನನ್ನು ಮಾತ್ರ ಉಳಿಸಿಕೊಂಡು ಸಮಾಧಿ ಹೊಂದಿದರು. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿ ಹಿಡಿದರು.

ಈಗ ಇದೇ ಶಾಸನದ ಬಗ್ಗೆ ಒಂದು ನಿಮಿಷದ ವಿಡಿಯೋಗಳಲ್ಲಿ, ಪ್ರವಾಸಿ ಫಲಕಗಳ ಧಾಟಿಯ ಬರಹಗಳಲ್ಲಿ ಏನು ಹೇಳ್ತಾರೆ ನೋಡಿ: "ಭದ್ರಬಾಹು ಹನ್ನೆರಡು ವರ್ಷದ ಬರಗಾಲದ ಭವಿಷ್ಯ ನುಡಿದು, ಚಂದ್ರಗುಪ್ತ ಮೌರ್ಯನೊಂದಿಗೆ ಇಲ್ಲಿಗೆ ಬಂದನೆಂದು ಚಿಕ್ಕಬೆಟ್ಟದ ಮೊದಲ ಶಾಸನ ಹೇಳುತ್ತದೆ." ಕಲ್ಲಿನ ಜೊತೆ ಇಟ್ಟು ನೋಡಿದರೆ ಇದರಲ್ಲಿ 'ಬರಗಾಲ' ಇಲ್ಲ, 'ಚಂದ್ರಗುಪ್ತ' ಇಲ್ಲ, 'ಮೌರ್ಯ' ಇಲ್ಲ. ಭದ್ರಬಾಹು ಈ ಬೆಟ್ಟಕ್ಕೆ ಬಂದರು ಅಂತಲೂ ಇಲ್ಲ, ಹೊರಟದ್ದು ಸಂಘ. ಇರುವುದು ಎರಡು ಪದ: ನಿಮಿತ್ತ ಮತ್ತು ಕಾಲವೈಷಮ್ಯ. ಎರಡನ್ನೂ ಬಿಡಿಸೋಣ.

ನಿಮಿತ್ತದ ಎಂಟು ಅಂಗ

ಶಾಸನ ಭದ್ರಬಾಹುಸ್ವಾಮಿಗೆ ಕೊಡುವ ಒಂದು ವಿಶೇಷಣ 'ಅಷ್ಟಾಂಗ ಮಹಾನಿಮಿತ್ತ'ದ ತತ್ತ್ವ ಬಲ್ಲವರು ಎಂಬುದು. ಜೈನ ಪರಂಪರೆಯಲ್ಲಿ ಇದು ಪಾರಿಭಾಷಿಕ ಪದ. ಎಂಟು ಅಂಗಗಳು ಇವು: ಅಂತರಿಕ್ಷ (ಆಕಾಶದ ಕುರುಹು), ಭೌಮ (ನೆಲದ ಕುರುಹು), ಅಂಗ (ದೇಹದ ಕುರುಹು), ಸ್ವರ (ಸದ್ದು, ಕೂಗು), ವ್ಯಂಜನ (ಮಚ್ಚೆ ಇತ್ಯಾದಿ), ಲಕ್ಷಣ (ಅಂಗೈ, ಅಂಗಾಲಿನ ಗುರುತು), ಛಿನ್ನ (ಬಟ್ಟೆ, ಆಯುಧ ಮೊದಲಾದವು ಹರಿದದ್ದು, ಕಡಿದದ್ದು), ಸ್ವಪ್ನ (ಕನಸು).

ಇದೇನೋ ದೂರದ ಶಾಸ್ತ್ರ ಅಂತ ಅನ್ನಿಸಬಹುದು. ಹಾಗೇನಿಲ್ಲ. ಕಣ್ಣು ಅದುರಿದರೆ ಎಡವೋ ಬಲವೋ ಅಂತ ಕೇಳ್ತೀವಲ್ಲ, ಅದು ಅಂಗನಿಮಿತ್ತ. ಮಾತಿನ ಮಧ್ಯೆ ಹಲ್ಲಿ ಲೊಚಗುಟ್ಟಿದರೆ ಅಜ್ಜಿ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅಂತಾರಲ್ಲ, ಅದು ಸ್ವರ. ಇಲಿ ಹೊಸ ಬಟ್ಟೆ ಕಡಿದರೆ ಮನಸ್ಸಿಗೆ ಕಸಿವಿಸಿ ಆಗೋದು ಛಿನ್ನ. ಹಲ್ಲು ಬಿದ್ದ ಕನಸು ಕಂಡರೆ ಮನೆಯವರಿಗೆ ಫೋನ್ ಮಾಡೋದು ಸ್ವಪ್ನ. ಇಂದಿಗೂ ಪಂಚಾಂಗದ ಹಿಂದಿನ ಪುಟಗಳಲ್ಲಿ ಹಲ್ಲಿ ಬೀಳುವ ಫಲ ಅಚ್ಚಾಗುತ್ತದೆ. ಪದ ಮರೆತಿದ್ದೀವಿ, ಅಭ್ಯಾಸ ಮರೆತಿಲ್ಲ.

ವ್ಯಾಕರಣ ಇಲ್ಲಿ ಮುಖ್ಯ. ಕಲ್ಲಿನಲ್ಲಿರುವುದು 'ನಿಮಿತ್ತೇನ', ಅಂದರೆ ತೃತೀಯಾ ವಿಭಕ್ತಿ, ನಿಮಿತ್ತದ ಮೂಲಕ. ಅದರ ಕ್ರಿಯಾಪದ 'ಉಪಲಭ್ಯ', ಅಂದರೆ ಗ್ರಹಿಸಿ, ಕಂಡುಕೊಂಡು. ಹಾಗಾಗಿ ನಿಮಿತ್ತ ಇಲ್ಲಿ ತಿಳಿಯುವ ಸಾಧನ. ಅದು ಕೇಡನ್ನು ತರುವುದಿಲ್ಲ, ತೋರಿಸುತ್ತದೆ. ಇರುವೆಗಳು ಮೊಟ್ಟೆ ಹೊತ್ತು ಸಾಲುಗಟ್ಟಿ ಹೊರಟರೆ ಮಳೆ ಬರುತ್ತೆ ಅಂತ ನಮ್ಮ ರೈತರು ಹೇಳ್ತಾರೆ. ಇರುವೆ ಮಳೆ ತರಿಸಲಿಲ್ಲ, ಅದು ಕುರುಹು ಅಷ್ಟೇ. ಎಂಜಿನಿಯರಿಂಗ್ ಕೆಲಸದಲ್ಲಿ ನಮಗೆ ಇದು ದಿನನಿತ್ಯದ ಪಾಠ: ಉಷ್ಣಮಾಪಕದ ಮುಳ್ಳು ಮೇಲೇರಿದ್ದರಿಂದ ಯಂತ್ರ ಬಿಸಿಯಾಗುವುದಿಲ್ಲ, ಯಂತ್ರ ಬಿಸಿಯಾದದ್ದನ್ನು ಮುಳ್ಳು ಹೇಳುತ್ತದೆ. ಮುಳ್ಳನ್ನು ಬೈದು ಪ್ರಯೋಜನವಿಲ್ಲ, ಮುಂದೇನು ಮಾಡಬೇಕು ಅಂತ ನೋಡಬೇಕು.

ಶಾಸನದಲ್ಲೂ ಆಗುವುದು ಅದೇ. ಕುರುಹು ಕಂಡಿತು, ಹೇಳಿದರು, ಸಂಘ ಹೊರಟಿತು. ಕೇಡು ತಪ್ಪಿಸಲು ಹೋಮ ಮಾಡಿದರು, ಶಾಂತಿ ಮಾಡಿಸಿದರು ಎಂಬ ಮಾತು ಇಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉತ್ಪಾತಗಳ ಬಗ್ಗೆ ಒಂದು ಇಡೀ ಅಧ್ಯಾಯವಿದೆ. ದಿವ್ಯ, ಆಂತರಿಕ್ಷ, ಭೌಮ ಎಂದು ಮೂರು ಬಗೆಯ ಅಪಶಕುನಗಳನ್ನೂ ಅವಕ್ಕೆ ಮಾಡಬೇಕಾದ ಶಾಂತಿಗಳನ್ನೂ ಅದು ಹೇಳುತ್ತದೆ. ಚಿಕ್ಕಬೆಟ್ಟದ ಶಾಸನ ಆ ದಾರಿ ಹಿಡಿಯುವುದಿಲ್ಲ. ಅದರ ಉತ್ತರ ನಡಿಗೆ.

ಎರಡನೇ ಸಲವೂ ಅಷ್ಟೇ. ಪ್ರಭಾಚಂದ್ರರು ತಮ್ಮ ಆಯುಷ್ಯ ಮುಗಿಯುತ್ತಿದೆ ಎಂದು ಅರಿತಾಗ ಶಾಸನ ಅವರನ್ನು 'ಸುಚಕಿತ' ಅನ್ನುತ್ತದೆ. ಚಕಿತ ಅಂದರೆ ಇವತ್ತಿನ ಕನ್ನಡದಲ್ಲಿ ಬೆರಗಾದವನು. ಸಂಸ್ಕೃತದಲ್ಲಿ ಬೆಚ್ಚಿದವನು, ಎಚ್ಚೆತ್ತವನು. ಸಾವಿನ ಮುನ್ನರಿವಿಗೆ ಅವರು ಬೆಚ್ಚಿದರು, ಬೆಚ್ಚಿ ಕೂರಲಿಲ್ಲ. ಎಲ್ಲರನ್ನೂ ಬೀಳ್ಕೊಟ್ಟು ವ್ರತಕ್ಕೆ ಕೂತರು. ಅದೇ ಬೆಟ್ಟದ ಮೇಲಿರುವ ಏಳು, ಎಂಟನೇ ಶತಮಾನದ ಕನ್ನಡ ನಿಷಿಧಿ ಶಾಸನಗಳಲ್ಲೂ ಇದೇ ಮನೋಧರ್ಮ. ರೂಪ, ಸಂಪತ್ತು, ಅಧಿಕಾರ ಎಲ್ಲ ಕಾಮನಬಿಲ್ಲು, ಮಿಂಚು, ಮಂಜಿನ ಹಾಗೆ ಎಂದು ಬಗೆದು ಸನ್ಯಸನ ಕೈಗೊಂಡ ನಂದಿಸೇನ ಮುನಿಯ ಶಾಸನ ಅವುಗಳಲ್ಲಿ ಬಹಳ ಪ್ರಸಿದ್ಧ.

ಕಾಲವೈಷಮ್ಯ ಅಂದರೆ ಬರವೇ?

'ವೈಷಮ್ಯ' ಅಂದ ಕೂಡಲೇ ಇವತ್ತು ನಮಗೆ ನೆನಪಾಗುವುದು ದ್ವೇಷ: "ಹಳೇ ವೈಷಮ್ಯ, ಹೊಡೆದಾಟ" ಅಂತ ಪತ್ರಿಕೆಯಲ್ಲಿ ಓದ್ತೀವಲ್ಲ, ಅದು. ಮೂಲದಲ್ಲಿ ಅದು ವಿಷಮದ ಭಾವ. ಸಮವಲ್ಲದ್ದು, ಏರುಪೇರು, ಕಷ್ಟ. ಕಾಲವೈಷಮ್ಯ ಎಂದರೆ ಕಾಲ ಕೆಡುವುದು. "ಕಾಲ ಕೆಟ್ಟೋಯ್ತು" ಅಂತ ಹಳ್ಳಿ ಕಡೆ ಹೇಳ್ತೀವಲ್ಲ, ಬಹುಶಃ ಅದೇ ಇದಕ್ಕೆ ಅತಿ ಹತ್ತಿರದ ಕನ್ನಡ.

ಬರಕ್ಕೆ ಸಂಸ್ಕೃತದಲ್ಲಿ ದುರ್ಭಿಕ್ಷ, ಕ್ಷಾಮ ಎಂಬ ನೇರ ಪದಗಳಿವೆ. ಶಾಸನ ಬರೆದವರಿಗೆ ಅವು ಗೊತ್ತಿರಲಿಲ್ಲ ಅನ್ನಲಾಗದು. ಆದರೂ ಅವರು ಆರಿಸಿದ್ದು ಹೆಚ್ಚು ವ್ಯಾಪಕವಾದ ಪದ. ಹಾಗಂತ ಬರ ಎಂಬ ಅರ್ಥ ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಅದಕ್ಕೆ ಆಧಾರ ಶಾಸನದಲ್ಲೇ ಇದೆ: ಸಂಘ ತಲುಪಿದ ನಾಡನ್ನು ವರ್ಣಿಸುವಾಗ ಧಾನ್ಯ, ಹಸು, ಎಮ್ಮೆ, ಆಡು, ಕುರಿ ಎಂದು ಹೊಟ್ಟೆಗೆ ಸಂಬಂಧಿಸಿದ್ದನ್ನೇ ಎಣಿಸುತ್ತದೆ. ಬಿಟ್ಟುಬಂದ ಕಡೆ ಏನಿರಲಿಲ್ಲ ಎಂಬುದನ್ನು ಬಂದು ಸೇರಿದ ಕಡೆ ಏನಿತ್ತು ಎಂಬುದರಿಂದ ಊಹಿಸಬಹುದು. ಆದರೆ ಅದು ನಾವು ಮಾಡುವ ಊಹೆ. "ಶಾಸನ ಬರಗಾಲ ಎನ್ನುತ್ತದೆ" ಎಂಬ ಮಾತಿಗೂ "ಶಾಸನದಿಂದ ಬರಗಾಲವನ್ನು ಊಹಿಸಬಹುದು" ಎಂಬ ಮಾತಿಗೂ ಇರುವ ಅಂತರ ದೊಡ್ಡದು.

ಬರ ಎಂದು ಸ್ಪಷ್ಟವಾಗಿ ಹೇಳುವುದು ಕಥಾಸಾಹಿತ್ಯ. ಹತ್ತನೇ ಶತಮಾನದ ಹರಿಷೇಣನ ಬೃಹತ್ಕಥಾಕೋಶದಲ್ಲಿ ಭದ್ರಬಾಹು ಭಿಕ್ಷೆಗೆ ಹೋದ ಮನೆಯಲ್ಲಿ ತೊಟ್ಟಿಲ ಕೂಸು ಬೇಗ ಹೊರಟುಹೋಗುವಂತೆ ಹೇಳುತ್ತದೆ. ಅದರಿಂದ ಅವರು ಹನ್ನೆರಡು ವರ್ಷದ ಬರವನ್ನು ಅರಿಯುತ್ತಾರೆ. ಆ ಕಥೆಯಲ್ಲಿ ಭದ್ರಬಾಹು ದಕ್ಷಿಣಕ್ಕೆ ಬರುವುದೇ ಇಲ್ಲ, ಅವಂತಿ ಸೀಮೆಯಲ್ಲೇ ಸಮಾಧಿ ಹೊಂದುತ್ತಾರೆ. ವಿಶಾಖಾಚಾರ್ಯನೆಂದು ಹೆಸರಾದ ಚಂದ್ರಗುಪ್ತ ಸಂಘವನ್ನು ಪುನ್ನಾಟಕ್ಕೆ ಕರೆತರುತ್ತಾನೆ. ಹತ್ತೊಂಬತ್ತನೇ ಶತಮಾನದ ದೇವಚಂದ್ರನ ರಾಜಾವಳಿಕಥೆಯ ಹೊತ್ತಿಗೆ ಚಂದ್ರಗುಪ್ತನ ಹದಿನಾರು ಕನಸುಗಳೂ ಸೇರಿರುತ್ತವೆ.

ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. ಶಾಸನ 'ನಿಮಿತ್ತದಿಂದ' ಎಂದಷ್ಟೇ ಹೇಳಿ ಸುಮ್ಮನಾಯಿತು. ಯಾವ ನಿಮಿತ್ತ ಅಂತ ಹೇಳಲಿಲ್ಲ. ಕಥೆಗಾರರು ಆ ಖಾಲಿ ಜಾಗವನ್ನು ಎಂಟು ಅಂಗಗಳ ಪಟ್ಟಿಯಿಂದಲೇ ತುಂಬಿದರು. ಕೂಸಿನ ಮಾತು ಸ್ವರದ ಲೆಕ್ಕಕ್ಕೆ, ರಾಜನ ಕನಸುಗಳು ಸ್ವಪ್ನದ ಲೆಕ್ಕಕ್ಕೆ. ಪದದ ಪಾರಿಭಾಷಿಕ ಅರ್ಥ ಗೊತ್ತಿದ್ದರೆ ಕಥೆ ಹೇಗೆ ಬೆಳೆಯಿತು ಎಂಬುದೂ ಕಾಣುತ್ತದೆ.

ಚಂದ್ರಗುಪ್ತನ ವಿಷಯಕ್ಕೂ ನ್ಯಾಯ ಸಲ್ಲಬೇಕು. ಮೊದಲ ಶಾಸನದಲ್ಲಿ ಅವನ ಹೆಸರಿಲ್ಲ ನಿಜ. ಆದರೆ ಅದೇ ಬೆಟ್ಟದ ಸುಮಾರು ಕ್ರಿ.ಶ. 650ರ ಇನ್ನೊಂದು ಶಾಸನ ಭದ್ರಬಾಹು ಮತ್ತು ಚಂದ್ರಗುಪ್ತ ಎಂಬ ಮುನೀಂದ್ರರ ಜೋಡಿಯನ್ನು ಹೆಸರಿಸುತ್ತದೆ. ಶ್ರೀರಂಗಪಟ್ಟಣದ ಬಳಿ ದೊರೆತ ಸುಮಾರು ಕ್ರಿ.ಶ. 900ರ ಎರಡು ಶಾಸನಗಳು ಕಳ್ಬಪ್ಪು ಬೆಟ್ಟದ ಮೇಲೆ ಈ ಇಬ್ಬರ ಪಾದದ ಗುರುತುಗಳಿವೆ ಎನ್ನುತ್ತವೆ. ಅಂದರೆ ಪರಂಪರೆ ಹಳೆಯದು. ಆದರೆ ಆ ಶಾಸನಗಳಲ್ಲಿ ಅವನು ಮುನಿ. ಪ್ರಭಾಚಂದ್ರ ಎಂಬುದು ಚಂದ್ರಗುಪ್ತನ ದೀಕ್ಷಾನಾಮ ಎಂದು ಹೇಳಿ ರೈಸ್ ಮತ್ತು ನರಸಿಂಹಾಚಾರ್ಯರು ಮೌರ್ಯ ಸಂಬಂಧವನ್ನು ಒಪ್ಪಿದರು. ಗುರುಪಟ್ಟಿಯಲ್ಲಿ ಒಬ್ಬ ಭದ್ರಬಾಹು ಆಗಲೇ ಬಂದು ಹೋದ ಮೇಲೆ ನಿಮಿತ್ತ ಕಂಡ ಭದ್ರಬಾಹುಸ್ವಾಮಿ ಇನ್ನೊಬ್ಬರೇ ಇರಬೇಕು ಎಂದು ಜೆ.ಎಫ್. ಫ್ಲೀಟ್ ವಾದಿಸಿದರು. ಈ ವಾದ ಎಲ್ಲಿ ನಿಂತಿದೆ ಎಂಬುದು ತಿಳಿಯಬೇಕಾದರೆ ಮೊದಲು ಕಲ್ಲಿನಲ್ಲಿ ಇರುವುದನ್ನೂ ಇಲ್ಲದ್ದನ್ನೂ ಬೇರೆ ಮಾಡಿಟ್ಟುಕೊಳ್ಳಬೇಕು.

ಕುರುಹು ಹೋಗಿ ಸಂದರ್ಭ ಬಂತು

ಇನ್ನು ರಜಾ ಅರ್ಜಿಯ ನಿಮಿತ್ತಕ್ಕೆ ಬರೋಣ. ಮುನ್ಸೂಚನೆ ಎಂಬ ಅರ್ಥ ಕಾರಣ, ಸಂದರ್ಭ ಎಂದು ಆದದ್ದು ಹೇಗೆ?

ಸಂಸ್ಕೃತದಲ್ಲಿ ಎರಡೂ ಅರ್ಥ ಮೊದಲಿಂದ ಜೊತೆಯಲ್ಲೇ ಇದ್ದವು. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಕಾಣುವ ನಿಮಿತ್ತಗಳು ಅಪಶಕುನಗಳು. ಹನ್ನೊಂದನೇ ಅಧ್ಯಾಯದಲ್ಲಿ ಅವನಿಗೆ ಆಗು ಎಂದು ಹೇಳುವ ನಿಮಿತ್ತಮಾತ್ರ ಎಂದರೆ ಬರಿಯ ಸಾಧನ. ತರ್ಕಶಾಸ್ತ್ರದಲ್ಲಿ ಮಡಕೆಗೆ ಕುಂಬಾರ ನಿಮಿತ್ತಕಾರಣ. ಧರ್ಮಶಾಸ್ತ್ರದಲ್ಲಿ ದಿನವೂ ಮಾಡುವುದು ನಿತ್ಯ, ಒಂದು ಸಂದರ್ಭ ಒದಗಿದಾಗ ಮಾಡುವುದು ನೈಮಿತ್ತಿಕ.

ದಾನಶಾಸನಗಳು ಹಿಡಿದದ್ದು ಈ ಕೊನೆಯ ಅರ್ಥವನ್ನು. ವೇಂಗಿ ಚಾಲುಕ್ಯರ ತಾಮ್ರಪಟಗಳಲ್ಲಿ ಉತ್ತರಾಯಣದ ನಿಮಿತ್ತ, ಗ್ರಹಣದ ನಿಮಿತ್ತ ಭೂಮಿ ಕೊಟ್ಟೆವು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕಲ್ಯಾಣ ಚಾಲುಕ್ಯರ, ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲೂ ಸಂಕ್ರಮಣ, ಗ್ರಹಣಗಳ ಪರ್ವನಿಮಿತ್ತ ದತ್ತಿ ಬಿಡುವುದು ಸಾಮಾನ್ಯ. ಇದನ್ನು "ಗ್ರಹಣದ ಭಯದಿಂದ ರಾಜ ಭೂಮಿ ಕೊಟ್ಟ" ಎಂದು ಅನುವಾದಿಸುವುದನ್ನು ನೋಡಿದ್ದೇನೆ. ಅದು ಪದದ ಹಳೆಯ ಅರ್ಥವನ್ನು ಹೊಸ ಜಾಗಕ್ಕೆ ತಂದು ಅಂಟಿಸಿದ ಹಾಗೆ. ಇಲ್ಲಿ ನಿಮಿತ್ತ ಅಂದರೆ ರಜಾ ಅರ್ಜಿಯ ನಿಮಿತ್ತವೇ: ಆ ಸಂದರ್ಭದಲ್ಲಿ.

ಆದರೆ ಆ ಸಂದರ್ಭಗಳು ಯಾವುವು ಅಂತ ನೋಡಿದರೆ ಅವೇ ಹಳೆಯ ಅಪಶಕುನಗಳು. ಗ್ರಹಣಕ್ಕೆ ಬೃಹತ್ಸಂಹಿತೆಯಲ್ಲಿ ರಾಶಿ ರಾಶಿ ಅಶುಭ ಫಲಗಳಿವೆ. ಹೊಯ್ಸಳ ಶಾಸನಗಳಲ್ಲಿ ಮೇಲಿಂದ ಮೇಲೆ ಸಿಗುವ 'ವ್ಯತೀಪಾತ' ಎಂಬ ಪದಕ್ಕೆ ನಿಘಂಟಿನ ಅರ್ಥವೇ ಮಹಾ ಉತ್ಪಾತ. ಸೂರ್ಯಸಿದ್ಧಾಂತದ ಹನ್ನೊಂದನೇ ಅಧ್ಯಾಯ ಅದನ್ನು ಕ್ರೂರ ರೂಪದ, ಕೆಂಗಣ್ಣಿನ, ದೊಡ್ಡ ಹೊಟ್ಟೆಯ ಭೂತವೆಂಬಂತೆ ವರ್ಣಿಸುತ್ತದೆ. ಅದೇ ಅಧ್ಯಾಯ ಆ ಹೊತ್ತಿನಲ್ಲಿ ಮಾಡಿದ ಸ್ನಾನ, ದಾನ, ಜಪಕ್ಕೆ ದೊಡ್ಡ ಫಲವಿದೆ ಎಂದೂ ಹೇಳುತ್ತದೆ. ಭಯದ ಹೊತ್ತು ಕೊಡುವ ಹೊತ್ತಾಯಿತು. ಭಯ ಕಳಚಿತು, ತೇದಿ ಉಳಿಯಿತು.

ವ್ಯತೀಪಾತದ ಬಗ್ಗೆ ಒಂದು ಸಣ್ಣ ಲೆಕ್ಕ, ಶಾಸನ ಪಠ್ಯ ಓದುವವರ ಉಪಯೋಗಕ್ಕೆ. ಪಂಚಾಂಗದ 27 ಯೋಗಗಳಲ್ಲಿ ವ್ಯತೀಪಾತ 17ನೆಯದು. ಸೂರ್ಯ, ಚಂದ್ರರ ರೇಖಾಂಶಗಳ ಮೊತ್ತ 213 ಡಿಗ್ರಿ 20 ನಿಮಿಷದಿಂದ 226 ಡಿಗ್ರಿ 40 ನಿಮಿಷದ ಒಳಗಿದ್ದರೆ ಅದು ವ್ಯತೀಪಾತ. ವರ್ಷಕ್ಕೆ ಸುಮಾರು 14 ಸಲ ಬರುತ್ತದೆ. ಮಕರ ಸಂಕ್ರಮಣದ ಕ್ಷಣದಲ್ಲಿ ಸೂರ್ಯ 270 ಡಿಗ್ರಿಯಲ್ಲಿರುತ್ತಾನೆ. ಮೊತ್ತ ಹೊಂದಬೇಕಾದರೆ ಚಂದ್ರ ಸೂರ್ಯನಿಗಿಂತ 33ರಿಂದ 47 ಡಿಗ್ರಿ ಮುಂದಿರಬೇಕು, ಅಂದರೆ ಶುಕ್ಲ ತದಿಗೆಯ ಕೊನೆ ಇಲ್ಲವೇ ಚೌತಿ. ಹಾಗಾಗಿ ಒಂದು ಶಾಸನ ಉತ್ತರಾಯಣ ಸಂಕ್ರಮಣ, ವ್ಯತೀಪಾತ ಎಂದು ಹೇಳಿ ತಿಥಿ ಮಾತ್ರ ಹುಣ್ಣಿಮೆಯದೋ ಬಹುಳ ದಶಮಿಯದೋ ಇದ್ದರೆ, ಅಲ್ಲಿನ ವ್ಯತೀಪಾತ ಈ 17ನೇ ಯೋಗ ಅಲ್ಲ. ಪುಣ್ಯಕಾಲ ಎಂಬ ರೂಢಿಯ ಅರ್ಥದಲ್ಲಿ ಲಿಪಿಕಾರ ಸೇರಿಸಿರಬಹುದು. ತೇದಿ ಲೆಕ್ಕ ಹಾಕುವ ಮೊದಲು ಇಷ್ಟು ನೋಡಿಕೊಂಡರೆ ಬಹಳ ಶ್ರಮ ಉಳಿಯುತ್ತದೆ.

ಈ ಬದಲಾವಣೆಯಿಂದ ಲಾಭವಾದದ್ದು ನಮಗೆ. ಹೊಯ್ಸಳ ಎರಡನೇ ವೀರಬಲ್ಲಾಳ ಗದಗಿನ ತ್ರಿಕೂಟೇಶ್ವರ ದೇವರಿಗೆ ದತ್ತಿ ಬಿಟ್ಟ ಶಾಸನದ ತೇದಿ ಶಕ 1114, ಪರಿಧಾವಿ ಸಂವತ್ಸರ, ಮಾರ್ಗಶಿರ ಹುಣ್ಣಿಮೆ, ಶನಿವಾರ, ಸೋಮಗ್ರಹಣ. ಲೆಕ್ಕ ಹಾಕಿದರೆ ಕ್ರಿ.ಶ. 1192ರ ನವೆಂಬರ್ 21 ಬರುತ್ತದೆ. ವಾರ ಶನಿವಾರವೇ, ಚಂದ್ರಗ್ರಹಣವೂ ಆ ದಿನವೇ. ಒಂದು ಕಾಲದಲ್ಲಿ ರಾಜ್ಯಕ್ಕೆ ಕೇಡು ಎಂದು ಹೆದರುತ್ತಿದ್ದ ಆಕಾಶದ ಕುರುಹು ಇಂದು ಹೊಯ್ಸಳ ಕಾಲಗಣನೆಗೆ ಗಟ್ಟಿ ಮೊಳೆ.

ಪರಾಭವದಲ್ಲಿ ಕಟ್ಟಿದ ಗುಡಿ

ಈಗ ನುಗ್ಗೇಹಳ್ಳಿ. ಹಿಂದೆ ವಿಜಯ ಸೋಮನಾಥಪುರ ಎನಿಸಿಕೊಂಡಿದ್ದ ಊರು. ಹೊಯ್ಸಳ ವೀರಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಇಲ್ಲಿ 1246ರಲ್ಲಿ ಲಕ್ಷ್ಮೀನರಸಿಂಹ ದೇಗುಲ ಕಟ್ಟಿಸಿದ. ಕೇಶವ, ಲಕ್ಷ್ಮೀನರಸಿಂಹ, ವೇಣುಗೋಪಾಲರ ಮೂರು ಗರ್ಭಗುಡಿ. ಹೊರಗೋಡೆಯ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳನ್ನು ಇವತ್ತಿಗೂ ಓದಬಹುದು. ಮೂರು ವರ್ಷದ ನಂತರ, 1249ರಲ್ಲಿ, ಊರಿನ ಸದಾಶಿವ ದೇಗುಲ ಬಂತು.

1246ರ ಯುಗಾದಿಗೆ ಶುರುವಾದ ಶಕ 1168ರ ಸಂವತ್ಸರದ ಹೆಸರು ಪರಾಭವ. ಪರಾಭವ ಅಂದರೆ ಸೋಲು. ಗುಡಿ ಕಟ್ಟಿಸಿದವನು ದಂಡನಾಯಕ, ಗೆಲುವೇ ಅವನ ವೃತ್ತಿ. ಊರಿನ ಹೆಸರಲ್ಲೇ ವಿಜಯ ಇದೆ. 1246ರ ಬಹುಪಾಲು ದಿನಗಳ ಹೆಸರು ಮಾತ್ರ ಸೋಲು. ನಾಮಫಲಕ್ಕೆ ಹೆದರುವುದಾಗಿದ್ದರೆ ಒಂದು ವರ್ಷ ಕಾಯಬಹುದಿತ್ತು. ಗುಡಿ ಆ ಹೆಸರಿಗೆ ಕಾದು ಕೂರಲಿಲ್ಲ. ಸದಾಶಿವ ದೇಗುಲದ ಕಾಲಕ್ಕೆ ಬಂದರೆ ಶಕ 1171ರ ಹೆಸರು ಸೌಮ್ಯ. ಎರಡು ಗುಡಿಗಳೂ ಇಂದಿಗೂ ನಿಂತಿವೆ.

ಇಲ್ಲಿ ಒಂದು ಸುಲಭದ ಬಲೆ ಇದೆ. ಸೋಮೇಶ್ವರನ ನಂತರ ಹೊಯ್ಸಳ ರಾಜ್ಯ ಅವನ ಇಬ್ಬರು ಮಕ್ಕಳ ನಡುವೆ ಹಂಚಿಹೋಯಿತು: ದೋರಸಮುದ್ರದಲ್ಲಿ ಮೂರನೇ ನರಸಿಂಹ, ತಮಿಳು ಸೀಮೆಯಲ್ಲಿ ರಾಮನಾಥ. ಮುಂದಿನ ಶತಮಾನದಲ್ಲಿ ರಾಜ್ಯವೇ ಮುಗಿಯಿತು. "ನೋಡಿ, ಪರಾಭವ ಸಂವತ್ಸರ ಆಗಲೇ ಸೂಚನೆ ಕೊಟ್ಟಿತ್ತು" ಎಂದು ಯಾರಾದರೂ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ಇತಿಹಾಸ ಅಲ್ಲ. ಅರವತ್ತು ವರ್ಷಕ್ಕೊಮ್ಮೆ ತಪ್ಪದೆ ಬರುವ ಹೆಸರಿಗೆ ಯಾವ ಘಟನೆಯನ್ನು ಬೇಕಾದರೂ ಜೋಡಿಸಬಹುದು. ನಿಮಿತ್ತ ಅನ್ನಿಸಿಕೊಳ್ಳಬೇಕಾದರೆ ಅದನ್ನು ಯಾರೋ ಒಬ್ಬರು ಘಟನೆಗೆ ಮೊದಲು ಕಂಡಿರಬೇಕು, ಕಂಡು ಏನನ್ನಾದರೂ ಮಾಡಿರಬೇಕು.

ಇದೇ ಎಚ್ಚರಿಕೆ ಚಿಕ್ಕಬೆಟ್ಟಕ್ಕೂ ಬೇಕು. ಅಲ್ಲಿನ ಶಾಸನವೂ ಘಟನೆಯಾದ ಎಷ್ಟೋ ಕಾಲದ ಮೇಲೆ ಕೊರೆದದ್ದು. ಮೌರ್ಯ ಕಾಲದ ವಿಷಯವೇ ಎಂದು ಒಪ್ಪಿದರೆ ಸುಮಾರು ಒಂಬತ್ತು ಶತಮಾನದ ಅಂತರ. ಹಾಗಾಗಿ ಅದು ಆರನೇ ಶತಮಾನದ ಕೊನೆಯ ಹೊತ್ತಿಗೆ ಈ ಬೆಟ್ಟದ ಜೈನ ಸಂಘ ತನ್ನ ವಲಸೆಯನ್ನು ಹೇಗೆ ನೆನಪಿಟ್ಟುಕೊಂಡಿತ್ತು ಎಂಬುದಕ್ಕೆ ನೇರ ಸಾಕ್ಷಿ. ನಾವು ಓಡಿ ಬಂದವರಲ್ಲ, ತಿಳಿದು ಹೊರಟವರು: ಆ ನೆನಪನ್ನು 'ನಿಮಿತ್ತ' ಎಂಬ ಒಂದು ಪದ ಹೊತ್ತುಕೊಂಡಿದೆ. ವಲಸೆ ಬಂದ ಯಾವ ಸಮುದಾಯಕ್ಕೂ ಆ ವ್ಯತ್ಯಾಸ ಸಣ್ಣದಲ್ಲ.

ಓದುವಾಗ ಕೇಳಬೇಕಾದ್ದು

ಶಾಸನದಲ್ಲಿ ನಿಮಿತ್ತ ಎಂಬ ಪದ ಸಿಕ್ಕಾಗ ಮೂರು ವಿಷಯ ನೋಡಿಕೊಳ್ಳಿ. ಮೊದಲು, ಅದರ ಪಕ್ಕದ ಕ್ರಿಯಾಪದ ಯಾವುದು: ಕಂಡು, ತಿಳಿದು ಎಂಬ ಜಾತಿಯದಾದರೆ ಕುರುಹು, ಕೊಟ್ಟು, ಬಿಟ್ಟು ಎಂಬ ಜಾತಿಯದಾದರೆ ಸಂದರ್ಭ. ಎರಡನೆಯದು, ಅದು ಯಾವುದಕ್ಕೆ ಅಂಟಿಕೊಂಡಿದೆ: ಪರ್ವ, ಗ್ರಹಣ, ಸಂಕ್ರಮಣಕ್ಕೆ ಅಂಟಿದ್ದರೆ ಅಲ್ಲಿ ಭಯ ಹುಡುಕಬೇಡಿ, ತೇದಿ ಹುಡುಕಿ. ಮೂರನೆಯದು, ಘಟನೆಗೂ ಬರವಣಿಗೆಗೂ ನಡುವೆ ಎಷ್ಟು ಕಾಲ ಕಳೆದಿದೆ.

2026ರ ಯುಗಾದಿಯಿಂದ ಆರಂಭವಾಗುವ ಸಂವತ್ಸರದ ಹೆಸರು ಮತ್ತೆ ಪರಾಭವ. ಬೊಮ್ಮಣ್ಣನ ಕಾಲದ ಪರಾಭವದಿಂದ ಲೆಕ್ಕ ಹಾಕಿದರೆ 780 ವರ್ಷ, ಸರಿಯಾಗಿ ಹದಿಮೂರು ಸುತ್ತು. ಹೆಸರು ನೋಡಿ ಹೆದರಿಸುವ ಸಂದೇಶಗಳು ಫೋನಿಗೆ ಬಂದರೆ ನುಗ್ಗೇಹಳ್ಳಿಯ ಒಂದು ಫೋಟೋ ಕಳಿಸಿ. ಆ ನೆಪದಲ್ಲಾದರೂ ಒಮ್ಮೆ ಹೋಗಿ ಬನ್ನಿ. ಹಾಗೆಯೇ ಚಿಕ್ಕಬೆಟ್ಟ ಹತ್ತಿ, ಪಾರ್ಶ್ವನಾಥ ಬಸದಿಯ ದಕ್ಷಿಣದ ಬಂಡೆಯ ಹತ್ತಿರ ನಿಂತು ನೋಡಿ. ಮುಟ್ಟಬೇಡಿ, ಸುಣ್ಣ ಸವರಬೇಡಿ. ಇಳಿಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ.